ಸೋಮವಾರದ ಸಾಣೆ

ಪೀಣ್ಯದ ಸಣ್ಣ ಶೆಡ್‌ಗಳಲ್ಲಿ ಸೋಮವಾರ ಬೆಳಿಗ್ಗೆ ಪೂಜೆಗೆ ಮುಂಚೆ ಮಷಿನ್ನಿನ ಸ್ವಿಚ್ಚು ಒತ್ತುವ ಧೈರ್ಯ ಯಾರಿಗೂ ಇಲ್ಲ. ಕಸ ಗುಡಿಸಿ, ಮಷಿನ್ನಿನ ಮೈ ಒರೆಸಿ, ವಿಭೂತಿ ಬಳಿದು, ಊದುಬತ್ತಿಯನ್ನು ಮೋಟಾರಿನ ಸುತ್ತ ಮೂರು ಸಲ ಸುತ್ತಿಸಿದ ಮೇಲೆಯೇ ಕೆಲಸ. ಯಮನೂರ ಎರಡನೇ ಸುತ್ತಿನಲ್ಲಿದ್ದಾಗ ಶೆಡ್ಡಿನ ಮುಂದೆ ಲಗೇಜ್ ಆಟೋ ಬಂದು ನಿಂತಿತು. ಅದರ ಸೈಲೆನ್ಸರಿನ ಒಡಕು ದನಿ ಅವನಿಗೆ ಚೆನ್ನಾಗಿ ಗೊತ್ತು. ಮೂರನೇ ಸುತ್ತನ್ನು ಅವಸರದಲ್ಲಿ ಮುಗಿಸಿ, "ಬಂದ್ಲಪಾ ತಾಯಿ," ಎಂದುಕೊಂಡ.

ಬಂದವಳು ಸರ್ಜಾಪುರದ ರಾಮಕ್ಕ. ಸೀರೆಯ ಮೇಲೆ ಗಂಡಸರ ಶರಟು, ಕಾಲಿಗೆ ಬೂಟು. ಒಂದು ಕೈಯಲ್ಲಿ ಗೋಣಿತಾಟಿನಲ್ಲಿ ಸುತ್ತಿದ ನಾಲ್ಕು ಬ್ಲೇಡು, ಇನ್ನೊಂದು ಕೈಯಲ್ಲಿ ದಪ್ಪ ಚೆಂಡುಹೂವಿನ ಹಾರ. ಹಾರವನ್ನು ಯಮನೂರನ ಕೈಗೆ ಕೊಟ್ಟು, ಬ್ಲೇಡುಗಳನ್ನು ಅವನ ಕಾಲ ಬಳಿ ಧಡ್ಡೆಂದು ಇಳಿಸಿದಳು.

"ಊವ ಮಷಿನ್ನಿಗೆ. ಇದು ನಿಂಗೆ," ಎಂದಳು.

ಯಮನೂರ ಹಾರವನ್ನು ಕಣ್ಣಿಗೊತ್ತಿಕೊಂಡು ಎಂದಿನಂತೆ ಸಾಣೆ ಮಷಿನ್ನಿನ ನೀರಿನ ಪೈಪಿಗೆ ಇಳಿಬಿಟ್ಟ. ತಿರುಗುವ ಸಾಣೆಕಲ್ಲಿಗೆ ಅತಿ ಹತ್ತಿರದ ಜಾಗ ಅದೇ. ದೇವರು ಅಂತ ಆ ಮಷಿನ್ನಿನಲ್ಲಿ ಏನಾದರೂ ಇದ್ದರೆ ಅದು ಕಲ್ಲಿನಲ್ಲೇ ಇರಬೇಕೆಂಬುದು ಅವನ ಎಣಿಕೆ.

ಈ ಹೂವಿಗೊಂದು ಹಿನ್ನೆಲೆಯಿತ್ತು. ರಾಮಕ್ಕನ ಮನೆಯವರದು ಸರ್ಜಾಪುರದ ಹಳೆಯ ಒಕ್ಕಲು. ಅವರ ಹೊಲದ ಅರ್ಧದಲ್ಲಿ ಈಗ ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟು, ಉಳಿದರ್ಧದಲ್ಲಿ ಚೆಂಡುಹೂವು. ರಾಮಕ್ಕನೂ ಅವಳ ಸಂಘದ ಆರು ಹೆಂಗಸರೂ ಸೇರಿ ಒಂದು ಚಿಪ್ಪರ್ ಯಂತ್ರ ಇಟ್ಟುಕೊಂಡಿದ್ದರು. ಒಂದು ಬಾಯಿಗೆ ಕೊಂಬೆ ಕೊಟ್ಟರೆ ಇನ್ನೊಂದು ಬಾಯಿಂದ ಚೂರು ಚೂರಾಗಿ ಉಗುಳುವ ಯಂತ್ರ ಅದು. ಒಳಗೆ ಗಿರ್ರನೆ ತಿರುಗುವ ಉಕ್ಕಿನ ತಟ್ಟೆ, ತಟ್ಟೆಗೆ ಬೋಲ್ಟಿನಿಂದ ಬಿಗಿದ ನಾಲ್ಕು ಬ್ಲೇಡು. ಸುತ್ತಲಿನ ಅಪಾರ್ಟ್‌ಮೆಂಟುಗಳಲ್ಲಿ ಸವರಿದ ಗುಲ್ಮೊಹರ್, ಹೊಂಗೆ, ಸಿಲ್ವರ್ ಓಕ್ ಕೊಂಬೆಗಳನ್ನೆಲ್ಲ ಇವರು ಚೂರು ಮಾಡುತ್ತಿದ್ದರು. ಪ್ರತಿ ಸೋಮವಾರ ರಾಮಕ್ಕನ ಅಳಿಯ ಮುನೀಂದ್ರ ಆ ಚೂರನ್ನು ತನ್ನ ಆಟೋದಲ್ಲಿ ಮಾಕಳಿಯ ಒಂದು ಕಾರ್ಖಾನೆಯ ಬಾಯ್ಲರಿಗೆ ಸಾಗಿಸುತ್ತಿದ್ದ. ಪೀಣ್ಯ ಅದೇ ದಾರಿಯಲ್ಲಿತ್ತು. ಹಾಗಾಗಿ ಬ್ಲೇಡು ಮೊಂಡಾದರೆ ಸಾಣೆಯೂ ಸೋಮವಾರವೇ.

ಮೊದಲ ಸಲ ಯಮನೂರ ಸಾಣೆ ಹಿಡಿದುಕೊಟ್ಟ ಬ್ಲೇಡು ಹನ್ನೆರಡು ದಿನ ಕತ್ತರಿಸಿತ್ತು. ಅಲ್ಲಿಯವರೆಗೆ ಆರು ದಿನಕ್ಕಿಂತ ಹೆಚ್ಚು ಕಂಡಿರದ ರಾಮಕ್ಕ ಆ ಖುಷಿಗೆ ಎರಡನೇ ಸಲ ಬರುವಾಗ ತನ್ನ ಹೊಲದ ಹೂವನ್ನು ತಾನೇ ಕಟ್ಟಿಕೊಂಡು ತಂದಳು. ಆಮೇಲೆ ಅದೇ ರೂಢಿಯಾಯಿತು. ಆದರೆ ಎರಡನೇ ಸಲದ ಸಾಣೆ ನಾಲ್ಕು ದಿನಕ್ಕೆ ಮೊಂಡಾಯಿತು. ಮೂರನೆಯದು ಮೂರೇ ದಿನಕ್ಕೆ. ಇವತ್ತು ನಾಲ್ಕನೇ ಸಲ ಬಂದಿದ್ದಳು. ಹೂವು ತರುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಶರಟಿನ ಜೇಬಿನಿಂದ ಎರಡು ಪ್ಲಾಸ್ಟಿಕ್ ಚೀಲ ತೆಗೆದು ಅವನ ಮುಂದೆ ಹಿಡಿದಳು.

"ನೋಡಣ್ಣ. ಇದು ಮೊದಲ್ನೇ ದಿವ್ಸದ್ದು. ಅವಲಕ್ಕಿ ಅಂಗೈತೆ. ಇದು ಮೂರ್ನೇ ದಿವ್ಸದ್ದು. ಏನಂಗೈತೆ ನೀನೇ ಯೋಳು."

ಯಮನೂರ ಎರಡನೇ ಚೀಲಕ್ಕೆ ಕೈ ಹಾಕಿದ. ಚೂರುಗಳ ನಡುವೆ ಉದ್ದುದ್ದ ಎಳೆಗಳು, ತೆಂಗಿನ ನಾರಿನ ಹಾಗೆ. ಹರಿತವಾದ ಬ್ಲೇಡು ಮರವನ್ನು ಕತ್ತರಿಸುತ್ತದೆ, ಮೊಂಡಾದದ್ದು ಹರಿಯುತ್ತದೆ. ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ನಾರು ಬಂದೈತಿ," ಎಂದ.

"ಆ ನಾರು ಓಗಿ ಬಾಯ್ಲರಿಗೆ ಚೂರು ತಳ್ಳೋ ಸ್ಕ್ರೂಗೆ ಸುತ್ತಕಂತದಂತೆ. ಮಾಕಳಿಯವ್ರು ಇವತ್ತು ಲೋಡ್ ಇಳಿಸ್ಕಂಡು ಕಡೇ ಮಾತು ಯೋಳವ್ರೆ. ಮುಂದಿನ ಸೋಮವಾರಾನೂ ನಾರು ಬಂದ್ರೆ ಗೇಟ್ ಒಳೀಕೆ ಬಿಡಲ್ವಂತೆ. ಏಳು ಜನ ಎಂಗಸ್ರು ಅಣ್ಣ ನಾವು. ಮಾಕಳಿ ನಿಂತ್ರೆ ಆ ಮಷಿನ್ ಮುಂದೆ ಕೂತ್ಕಂಡು ಊವ ಕಟ್ಟಬೇಕು ಅಷ್ಟೆ."

"ಕೊಂಬ್ಯಾಗ ಮೊಳಿ ಇರ್ತಾವ್ರಿ ಯಕ್ಕಾ. ಅಪಾರ್ಟ್‌ಮೆಂಟಿನ ಮಂದಿ ದೀಪಾವಳಿಗೆ ಗಿಡಕ್ಕೆಲ್ಲ ಲೈಟ್ ಬಡಿದಿರ್ತಾರ. ಮೊಳಿ ತಿಂದ ಬ್ಲೇಡು ಮೂರು ದಿನ ಬಾಳಿದ್ದ ಹೆಚ್ಚು."

"ನನ್ ಕೊಂಬೇಲಿ ಮೊಳೆ? ಒಂದೊಂದು ಕೊಂಬೇನೂ ಅಯಸ್ಕಾಂತ ಆಡಿಸೇ ಕೊಡ್ತೀನಿ. ಕಬ್ಬಿಣ ಇದ್ರೆ ಟಪ್ ಅಂತ ಇಡ್ಕಂತದೆ. ಕಡ್ಡಿ ತಂದಿವ್ನಿ, ತೋರುಸ್ಲಾ?"

"ಮಣ್ಣಿರ್ತೈತಿ."

"ತೊಳೀತೀವಿ."

"ಬ್ಲೇಡಿಗೂ ಕೆಳಗಿನ ಪಟ್ಟಿಗೂ ನಡುವ ಸಂದು?"

"ನೀನು ಕೊಟ್ಟಿದ್ದ ತಗಡಿನ ಚೂರು ಇಟ್ಟೇ ಬಿಗೀತೀನಿ. ಒಂದೂವರೆ ಮಿಲಿ. ದಿವ್ಸಾ ಸಾಯಂಕಾಲ ಸೀಮೆಎಣ್ಣೇಲಿ ಮರದ ಅಂಟು ಒರೆಸ್ತೀನಿ. ಇನ್ನೇನು, ಲಾಲಿ ಆಡಿ ಮಲಗಿಸ್ಲಾ?"

ಆಟೋದೊಳಗಿಂದ ಮುನೀಂದ್ರ ನಕ್ಕದ್ದು ಕೇಳಿಸಿತು. ಯಮನೂರನಿಗೆ ಸ್ವಲ್ಪ ಚುರುಕು ಮುಟ್ಟಿತು. ಕುಷ್ಟಗಿ ಕಡೆಯ ಹಳ್ಳಿಯಿಂದ ಬಂದು ಈ ಪೀಣ್ಯದಲ್ಲಿ ಇಪ್ಪತ್ತಾರು ವರ್ಷ ಕಲ್ಲಿನ ಮುಂದೆ ನಿಂತವನು ಅವನು. ಇದೇ ಕಲ್ಲು, ಇದೇ ಕೈ. ಮರ ಹೆರೆಯುವ ರಂದೆ ಮಷಿನ್ನಿನವರು, ಪೇಪರ್ ಕಟಿಂಗಿನವರು, ಚಪ್ಪಲಿ ಕಾರ್ಖಾನೆಯವರು ಎಲ್ಲರೂ ಬ್ಲೇಡು ಕೊಡುತ್ತಾರೆ, ಒಬ್ಬರೂ ತಕರಾರು ತೆಗೆದಿಲ್ಲ. ಈ ಒಬ್ಬಳ ಬ್ಲೇಡು ಮಾತ್ರ ಮೊಂಡಾಗುತ್ತದೆ ಎಂದರೆ ತಪ್ಪು ಎಲ್ಲಿರಬೇಕು? ಲೆಕ್ಕ ಸ್ಪಷ್ಟವಾಗಿತ್ತು.

"ಹಂಗಾದ್ರ ಕೇಳ್ರಿ," ಎಂದ. "ಇವತ್ತ ನಿಮ್ಮ ಕಣ್ಣ ಮುಂದ ಹಿಡಿತೀನಿ. ಕೂತ ನೋಡ್ರಿ. ನನ್ನ ಕೈಯಾಗ ತಪ್ಪು ಸಿಕ್ಕರ ಶನಿವಾರ ಸರ್ಜಾಪುರಕ್ಕ ಬಂದು ಬೆಳಗಿನಿಂದ ಸಂಜೀತನಕ ನಿಮ್ಮ ಮಷಿನ್ನಿಗೆ ಕೊಂಬಿ ಒಗೀತೀನಿ."

"ಮುನೀಂದ್ರಾ, ಕೇಳಿಸ್ಕಂಡೇನೋ?" ಎಂದು ರಾಮಕ್ಕ ಆಟೋದ ಕಡೆ ಕೂಗಿ, ಒಂದು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತಳು.

ಯಮನೂರನ ಕೆಲಸ ನೋಡಲು ಚೆನ್ನಾಗಿತ್ತು. ಮೊದಲು ನಾಲ್ಕೂ ಬ್ಲೇಡುಗಳ ಬೆನ್ನು, ಬೋಲ್ಟಿನ ತೂತು ಎಲ್ಲವನ್ನೂ ತಿಕ್ಕಿ ತೊಳೆದ. ಬೆನ್ನಿಗೆ ಒಂದು ಹರಳು ಅಂಟಿದ್ದರೂ ಬ್ಲೇಡು ಓರೆಯಾಗಿ ಕೂರುತ್ತದೆ. ನಾಲ್ಕನ್ನೂ ಸಣ್ಣ ತಕ್ಕಡಿಯಲ್ಲಿ ತೂಗಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ. ಚಿಪ್ಪರಿನ ಬ್ಲೇಡು ಒಂಟಿಯಲ್ಲ, ನಾಲ್ಕು ಸೇರಿ ಒಂದು ಸಂಸಾರ. ಒಂದು ತೆಳ್ಳಗಾಗಿ ಇನ್ನೊಂದು ದಪ್ಪಗುಳಿದರೆ ತಟ್ಟೆ ತಿರುಗುವಾಗ ಇಡೀ ಯಂತ್ರ ನಡುಗುತ್ತದೆ. ಅದಕ್ಕೇ ಅವನು ಅತಿ ಹೆಚ್ಚು ಸವೆದ ಬ್ಲೇಡನ್ನು ಮೊದಲು ಹಿಡಿದು, ಉಳಿದ ಮೂರನ್ನೂ ಅದರ ಅಳತೆಗೇ ಇಳಿಸುತ್ತಿದ್ದ. ಬ್ಲೇಡನ್ನು ಓರೆ ಹಲಗೆಗೆ ಬಿಗಿದು ನೀರಿನ ಪಂಪು ಹಾಕಿದ. ಎಣ್ಣೆ ಬೆರೆಸಿದ ನೀರು ಹಾಲಿನ ಹಾಗೆ ಬೆಳ್ಳಗೆ ಸುರಿಯತೊಡಗಿತು. ಕಲ್ಲು ತಿರುಗಿತು, ಕೆಳಗಿನ ಮೇಜು ಬ್ಲೇಡನ್ನು ಹೊತ್ತು ಎಡಕ್ಕೆ ಬಲಕ್ಕೆ ಓಡಾಡಿತು. ಒಂದೊಂದು ಓಟಕ್ಕೆ ಕೂದಲಿನಷ್ಟು ಉಕ್ಕು.

ಅವನು ಕಣ್ಣಿಗಿಂತ ಕಿವಿಯನ್ನು ನಂಬುವವನು. ನೀರು ಎಲ್ಲೆಡೆ ಸಿಡಿಯುತ್ತಿದ್ದುದರಿಂದ ನೋಡಲು ಹೆಚ್ಚೇನೂ ಇರುತ್ತಿರಲಿಲ್ಲ. ಕಲ್ಲು ಸುಂಯ್ ಎಂದರೆ ಸರಿ, ಕೀರ್ ಎಂದರೆ ತಪ್ಪು. ಅಂದು ಬ್ಲೇಡಿನ ಬಲತುದಿಗೆ ಬಂದಾಗಲೆಲ್ಲ ಸುಂಯ್ ತುಸು ಏರಿದಂತೆ ಕೇಳಿಸಿತು. ಆದರೆ ಬಕೆಟ್ಟಿನ ಮೇಲಿಂದ ರಾಮಕ್ಕ, ಎಂಟನೇ ಮಹಡಿಯವರ ನಾಯಿ ಚಿಪ್ಪರಿನ ಸದ್ದಿಗೆ ಹೆದರಿ ಲಿಫ್ಟಿನಿಂದ ಇಳಿಯಲೊಲ್ಲದೆ ಕುಳಿತದ್ದನ್ನು ಅಭಿನಯಿಸಿ ಹೇಳುತ್ತಿದ್ದಳು. ಯಮನೂರ ನಕ್ಕ, ಸದ್ದು ಮರೆತುಹೋಯಿತು. ಕೊನೆಗೆ ಪ್ರತಿ ಬ್ಲೇಡಿಗೂ ಕಲ್ಲನ್ನು ಕೆಳಗಿಳಿಸದೆ ಮೂರು ತೆಳು ಓಟ ಕೊಟ್ಟ. ಅಂಚು ಕನ್ನಡಿಯಾಯಿತು.

ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ಮುಗಿದವು. ಸೋಪಿನ ನೀರಲ್ಲಿ ತೊಳೆದು ಒಣಗಿಸಿ, ಯಮನೂರ ಗೂಡಿನಿಂದ ನಾಲ್ಕು ನಿಂಬೆಹಣ್ಣು ತೆಗೆದ. ಅದು ಅವನ ತಾಯಿ ಹನುಮವ್ವನ ಕಾಲದ ಪದ್ಧತಿ. ಕುಡುಗೋಲಿಗೆ ಸಾಣೆ ಹಿಡಿಸಿ ತಂದರೆ ಆಕೆ ಮೊದಲು ನಿಂಬೆಹಣ್ಣು ಕೊಯ್ಯದೆ ಹೊಲಕ್ಕೆ ಒಯ್ಯಲು ಬಿಡುತ್ತಿರಲಿಲ್ಲ. ಹೊಸ ಬಾಯಿಗೆ ಮೊದಲ ತುತ್ತು ಹುಳಿ ಕೊಡಬೇಕು, ಇಲ್ಲದಿದ್ದರೆ ಅದು ಬೆರಳು ಕೇಳುತ್ತದೆ ಎನ್ನುತ್ತಿದ್ದಳು. ಯಮನೂರ ಹಣ್ಣನ್ನು ಅಂಚಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಳೆದು ಹೋಳು ಮಾಡುತ್ತಿದ್ದ. ಆಮೇಲೆ ತಕ್ಷಣ ರಸ ಒರೆಸಿ ಎಣ್ಣೆ ಸವರುತ್ತಿದ್ದ. ಹುಳಿ ನಿಂತರೆ ಉಕ್ಕು ಕಲೆಯಾಗುತ್ತದೆಂದು ಅವನಿಗೆ ಗೊತ್ತು.

ನಾಲ್ಕನೇ ಹಣ್ಣು ಎರಡಾಯಿತು. ಒರೆಸುವ ಬಟ್ಟೆಗೆ ಕೈ ಚಾಚಿದ. ಅಷ್ಟರಲ್ಲಿ ರಾಮಕ್ಕ ಎದ್ದು ನಿಂತಳು.

"ಎಲ್ಲಾ ನೋಡ್ದೆ. ನಿನ್ ಕೈಯಾಗೆ ತಪ್ಪಿಲ್ಲ. ಈಗ ನನ್ ಕೈ ನೋಡು ಬಾ."

ಆಟೋದಿಂದ ಅವಳು ತಂದದ್ದು ಒಂದು ಬಿದಿರು ಕಡ್ಡಿ. ಅದರ ತುದಿಗೆ ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ತಂತಿಯಿಂದ ಬಿಗಿದಿತ್ತು. ಎದುರಿನ ಶೆಡ್ಡಿನ ಮುಂದೆ ಹಳೆಯ ಪ್ಯಾಕಿಂಗ್ ಹಲಗೆಗಳು ಬಿದ್ದಿದ್ದವು. ಯಮನೂರ ಅವನ್ನೆಲ್ಲ ತಿರುಗಿಸಿ ನೋಡಿ ಒಂದನ್ನು ಆರಿಸಿದ.

"ಇದ್ರಾಗ ಒಂದೂ ಮೊಳಿ ಇಲ್ಲ," ಎಂದ.

ರಾಮಕ್ಕ ಕಡ್ಡಿಯನ್ನು ಹಲಗೆಯ ಮೇಲೆ ಮೆಲ್ಲಗೆ ಆಡಿಸಿದಳು. ನಡುಮಧ್ಯೆ ಟಪ್ ಎಂದು ಅಂಟಿತು. ಯಮನೂರ ಇಕ್ಕಳ ತಂದು ಕೆದಕಿದ. ತಲೆ ಮುರಿದು ಒಳಗೇ ಉಳಿದಿದ್ದ ಅರ್ಧ ಮೊಳೆಯೊಂದು ಹೊರಬಂತು.

"ಈಗ ಯಾವುದು ಬಾಕಿ ಐತಣ್ಣ, ಮೊಳೆ ಆಯ್ತು, ಮಣ್ಣಾಯ್ತು..."

"ಮೊದಲು ಊಟ ಮಾಡ್ರಿ," ಎಂದ ಯಮನೂರ.

ಅವನ ಮಗಳು ಶಾಂಭವಿ ಬುತ್ತಿ ಹಿಡಿದು ಬರುತ್ತಿದ್ದಳು. ರಸಾಯನಶಾಸ್ತ್ರದಲ್ಲಿ ಬಿಎಸ್ಸಿ ಮಾಡಿದ ಅವಳು ಎರಡು ಕ್ರಾಸ್ ಆಚೆ ಲೋಹ ಪರೀಕ್ಷಿಸುವ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದಳು. ರಾಜಗೋಪಾಲನಗರದ ಮನೆಯಿಂದ ತಂದ ಇಬ್ಬರ ಬುತ್ತಿಯನ್ನು ಮಧ್ಯಾಹ್ನ ಶೆಡ್ಡಿನಲ್ಲೇ ಬಿಚ್ಚುವುದು ವಾಡಿಕೆ. ಅಂದು ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿಪುಡಿ. ಮೂವರೂ ಹೊರಗೆ ನೆರಳಲ್ಲಿ ಕೂತು ತಿಂದರು. ರಾಮಕ್ಕ ಮೂರನೇ ರೊಟ್ಟಿಗೆ ಕೈ ಹಾಕಿ, "ನಿನ್ ರೊಟ್ಟಿ ಅಂಚು ಚೆನ್ನಾಗೈತೆ ಶಾಂಭವೀ, ನಿಮ್ಮಪ್ಪನ್ ಬ್ಲೇಡಿನ ಅಂಚು ಮಾತ್ರ..." ಎಂದಳು. ಆಗ ಒರೆಸುವ ಬಟ್ಟೆ ನೆನಪಾಗಿ ಯಮನೂರ ತುತ್ತು ಬಿಟ್ಟು ಒಳಗೆ ಓಡಿದ.

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ನಿಂಬೆರಸ ಬ್ಲೇಡಿನ ಮೇಲೆ ಅರ್ಧ ಗಂಟೆ ನಿಂತಿತ್ತು. ಬಟ್ಟೆಯಿಂದ ಒರೆಸಿದ. ಅಂಚಿನ ಓರೆಯುದ್ದಕ್ಕೂ ಹೊಳಪು ಹೋಗಿ ತೆಳು ಬೂದು ಬಣ್ಣ ಬಂದಿತ್ತು. ಅದು ಅವನು ಎಣಿಸಿದ್ದೇ. ಆದರೆ ಬಲತುದಿಯಲ್ಲಿ ಎರಡು ಬೆರಳಗಲ, ಕಾಡಿಗೆ ಹಚ್ಚಿದಂತೆ ಕಪ್ಪು. ಎರಡನೇ ಬ್ಲೇಡು ನೋಡಿದ. ಅದೇ ತುದಿ, ಅದೇ ಎರಡು ಬೆರಳು. ಮೂರನೆಯದು. ನಾಲ್ಕನೆಯದು.

ಹಿಂದೆ ಬಂದು ನಿಂತ ರಾಮಕ್ಕ, "ಅಯ್ಯೋ ದ್ಯಾವ್ರೇ, ದೃಷ್ಟಿ!" ಎಂದು ಲಟಿಕೆ ಮುರಿದಳು.

ಶಾಂಭವಿ ಕೈತೊಳೆದು ಬಂದು ಒಂದು ಬ್ಲೇಡನ್ನು ಬೆಳಕಿಗೆ ಹಿಡಿದಳು. ಕಪ್ಪು ತುದಿಯನ್ನು ಆಚೀಚೆ ಓರೆ ಮಾಡಿ ನೋಡಿದಳು. ಆಮೇಲೆ, "ಅಪ್ಪಾ, ಬೇಜಾರ್ ಮಾಡ್ಕೋಬೇಡ," ಎಂದಳು.

"ಏನು ಹೇಳವ್ವಾ."

"ಸಾಣೆ ಹಿಡಿಯೋವಾಗ ಸುಟ್ಟಿದ್ಯಾ ಅಂತ ನೋಡೋಕೆ ನಮ್ ಲ್ಯಾಬಲ್ಲಿ ಆಸಿಡ್ ಹಾಕ್ತೀವಿ. ಬಿಸಿಗೆ ಮೆತ್ತಗಾಗಿರೋ ಜಾಗಾನ ಆಸಿಡ್ ಬೇರೆ ಥರ ತಿನ್ನತ್ತೆ, ಅಲ್ಲಿ ಕಪ್ಪಾಗತ್ತೆ. ನಿಂಬೆರಸಾನೂ ಆಸಿಡ್ಡೇ ಅಲ್ವಾ."

"ಸುಟ್ಟರ ನೀಲಿ ಬರ್ತೈತಿ. ನನಗ ನೀಲಿ ಗೊತ್ತಿಲ್ಲೇನು? ಇಲ್ಲಿ ನೀಲಿ ಎಲ್ಲೈತಿ?"

"ಕೊನೇಲಿ ಮೂರು ಸಲ ತೆಳ್ಳಗೆ ಓಡಿಸ್ತೀಯಲ್ಲ, ಆ ನೀಲಿ ಅದರಲ್ಲಿ ಹೋಗ್ಬಿಡತ್ತೆ. ಕೆಳಗಿನ ಗಾಯ ಹೋಗಲ್ಲ."

ಯಮನೂರ ಪೆಟ್ಟಿಗೆಯಿಂದ ಕಬ್ಬಿಣ ಉಜ್ಜುವ ಹಳೆಯ ಅರ ತೆಗೆದ. ಅಂಚಿನ ಎಡತುದಿಯ ಮೇಲೆ ಒಂದು ಸಲ ಎಳೆದ. ಅರ ಗಾಜಿನ ಮೇಲೆ ಜಾರಿದಂತೆ ಜಾರಿತು. ನಡುವೆ ಎಳೆದ, ಜಾರಿತು. ಬಲತುದಿಯ ಕಪ್ಪಿನ ಮೇಲೆ ಎಳೆದ. ಅರ ಕಚ್ಚಿತು. ಅಂಗೈಗೆ ಆ ಸಣ್ಣ ತಡೆ ತಿಳಿಯಿತು. ಗಟ್ಟಿ ಉಕ್ಕಿನಲ್ಲಿ ಆಗಬಾರದ, ಬೆಲ್ಲಕ್ಕೆ ಚಾಕು ತಾಗಿದಂಥ ಅನುಭವ. ಇನ್ನೊಂದು ಸಲ ಎಳೆಯುವ ಅಗತ್ಯ ಅವನಿಗೆ ಕಾಣಲಿಲ್ಲ. ಅರವನ್ನು ಮೆಲ್ಲಗೆ ಕೆಳಗಿಟ್ಟ.

"ಹಪ್ಪಳ ಒಂದ ಕಡೆ ಸೀದಂಗ ಸೀಸೀನಿ," ಎಂದ. "ತಪ್ಪು ನಂದ ಐತಿ ರಾಮಕ್ಕ."

ಗೆದ್ದವಳು ಅಣಕಿಸುತ್ತಾಳೆಂದು ಕಾದ. ರಾಮಕ್ಕ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ಕೊಂಬೆ ಎಸ್ಯಕ್ಕೆ ಗ್ಲೌಸು ನಾನೇ ಕೊಡ್ತೀನಿ ಬಿಡಣ್ಣ," ಎಂದಳಷ್ಟೆ. ಸ್ವಲ್ಪ ತಡೆದು, "ಆದ್ರೆ ಮೊದಲ್ನೇ ಸಲ ಚೆನ್ನಾಗೇ ಇಡ್ದಿದ್ದೆ. ಅದೇ ಕೈಯಿ," ಎಂದಳು.

"ಅದೇ ನನಗೂ ಅರ್ಥ ಆಗ್ತಿಲ್ಲ," ಎಂದಳು ಶಾಂಭವಿ. "ಅದೇ ಕಲ್ಲು, ಅದೇ ನೀರು. ಬೇರೆಯವರ ಬ್ಲೇಡ್ ಸುಡಲ್ಲ, ಆಂಟೀದು ಮಾತ್ರ ಸುಡತ್ತೆ. ಅಪ್ಪಾ, ಸೋಮವಾರ ಬೇರೆ ಯಾರ ಬ್ಲೇಡ್ ಹಿಡೀತೀಯ?"

ಯಮನೂರ ಯೋಚಿಸಿದ. ಚಿಪ್ಪರಿನ ನಾಲ್ಕು ಬ್ಲೇಡಿಗೆ ಅರ್ಧ ದಿನ ಹೋಗುತ್ತಿತ್ತು, ಉಳಿದರ್ಧ ಮುಗಿದ ಕೆಲಸವನ್ನು ಗಿರಾಕಿಗಳಿಗೆ ತಲುಪಿಸುವುದಕ್ಕೆ. ರಾಮಕ್ಕ ಬಂದ ಸೋಮವಾರ ಅವಳದು ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ.

"ಹಾಗಾದ್ರೆ ಆಂಟಿ ಬ್ಲೇಡಲ್ಲ ವಿಷಯ. ಸೋಮವಾರದ್ದು ಏನೋ ಇದೆ. ನೀರು ಹಾಕು, ಕಲ್ಲು ಬೇಡ. ನೋಡೋಣ."

ಯಮನೂರ ಸಿಡಿಯುವ ನೀರನ್ನು ತಡೆಯುವ ತಗಡಿನ ಮರೆಯನ್ನು ಬಿಚ್ಚಿ, ಮೇಜಿನ ಮೇಲೆ ಒಂದು ಬ್ಲೇಡಿಟ್ಟು ಪಂಪಿನ ಸ್ವಿಚ್ಚು ಮಾತ್ರ ಒತ್ತಿದ. ಬಿಳಿ ನೀರು ಬಂತು. ಕಲ್ಲು ಬ್ಲೇಡಿಗೆ ತಾಗುವ ಗೆರೆಯ ಮೇಲೆ ಬೀಳಬೇಕಾದ ಧಾರೆ ಅದಕ್ಕೆ ಎರಡು ಬೆರಳು ಆಚೆ ಬೀಳುತ್ತಿತ್ತು. ಮೂವರೂ ಬಾಗಿ ನೋಡಿದರು. ಶಾಂಭವಿ ಮೇಜನ್ನು ಕೈಯಿಂದ ಮೆಲ್ಲಗೆ ದೂಡಿದಳು. ಆಚೆ ಬಿದ್ದ ನೀರು ಬ್ಲೇಡಿನ ಮೇಲೆ ಹರಿದುಕೊಂಡು ಹೇಗೋ ಕಲ್ಲಿನ ಬುಡ ಮುಟ್ಟುತ್ತಿತ್ತು. ಬಲತುದಿಯಲ್ಲಿ ಮಾತ್ರ ನೀರಿಗಿಂತ ಮೊದಲೇ ಕಲ್ಲು ಬಂದುಬಿಡುತ್ತಿತ್ತು.

"ಪೈಪ್ ಬಾಗೈತಿ," ಎಂದ ಯಮನೂರ. "ಆದ್ರ ಮುಂಜಾನೆ ನಾನ ಸರಿ ಮಾಡೀನಿ."

ಮಾತು ಮುಗಿಯುವ ಮುಂಚೆಯೇ ಅವನ ಕಣ್ಣು ಪೈಪಿನ ಮೇಲಿದ್ದ ಹಾರಕ್ಕೆ ಹೋಯಿತು. ಬೆಳಿಗ್ಗೆ ಉಬ್ಬಿ ನಿಂತಿದ್ದ ಚೆಂಡುಹೂವು ಈಗ ಮೂರು ಗಂಟೆ ನೀರು ಕುಡಿದು, ಹಿಂಡದ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಎರಡು ಬೆರಳಿನಿಂದ ಹಾರವನ್ನು ಎತ್ತಿದ. ಬಳುಕುವ ಪೈಪು ನಿದ್ದೆಯಿಂದ ಎದ್ದಂತೆ ತಾನೇ ತಲೆಯೆತ್ತಿತು. ಧಾರೆ ಸರಿದು ನೇರ ಗೆರೆಯ ಮೇಲೆ ಬಿತ್ತು.

ಹಾರ ಇಳಿಸಿದ. ಧಾರೆ ಆಚೆ ಹೋಯಿತು. ಎತ್ತಿದ. ಈಚೆ ಬಂತು.

"ನನ್ ಊವಾ?" ಎಂದಳು ರಾಮಕ್ಕ ಸಣ್ಣ ದನಿಯಲ್ಲಿ.

ಯಮನೂರ ಮನಸ್ಸಿನಲ್ಲೇ ವಾರದ ಲೆಕ್ಕ ಹಾಕಿದ. ಮಂಗಳವಾರ ಬೆಳಿಗ್ಗೆ ಯಮನೂರ ಬಾಡಿದ ಹಾರ ತೆಗೆದು ಬಿಸಾಡುತ್ತಿದ್ದ. ಪೈಪು ನೆಟ್ಟಗಾಗುತ್ತಿತ್ತು. ರಂದೆಯವರ ಬ್ಲೇಡು, ಪೇಪರಿನವರ ಬ್ಲೇಡು ತಣ್ಣಗೆ ಸಾಣೆ ಹಿಡಿಸಿಕೊಂಡು ಹೋಗುತ್ತಿದ್ದವು. ರಾಮಕ್ಕ ಹೂವು ತರದಿದ್ದ ಮೊದಲ ಸೋಮವಾರದ ಬ್ಲೇಡು ಹನ್ನೆರಡು ದಿನ ಬಾಳಿತ್ತು.

"ಒಂದು ಹಾರ ಅಷ್ಟೊಂದು ಭಾರ ಆಗತ್ತಾ?" ಎಂದು ಶಾಂಭವಿಗೆ ಅನುಮಾನ. ಲ್ಯಾಬಿನವಳು, ಅಳೆಯದೆ ಬಿಡುವವಳಲ್ಲ. ಒದ್ದೆ ಹಾರವನ್ನು ಬ್ಲೇಡು ತೂಗುವ ತಕ್ಕಡಿಗೆ ಹಾಕಿದಳು: ಆರುನೂರ ತೊಂಬತ್ತು ಗ್ರಾಂ. "ಒಣಗಿದ್ದಾಗ ಎಷ್ಟಿತ್ತೋ!"

"ಜೊತೆದು ಆಟೋ ಮುಂದ್ಗಡೆ ಐತೆ ಕಣಮ್ಮ," ಎಂದಳು ರಾಮಕ್ಕ. "ಎಲ್ಡೂ ಒಂದೇ ಅಳ್ತೆ. ನಾನೇ ಕಟ್ಟಿದ್ದು." ಹೊರಗೆ ಓಡಿ ಆಟೋದ ಗಾಜಿನ ಮುಂದೆ ಕಟ್ಟಿದ್ದ ಹಾರವನ್ನು ಕಿತ್ತಳು. ನಿದ್ದೆಹೋಗಿದ್ದ ಮುನೀಂದ್ರ ಗಾಬರಿಯಿಂದ ಎದ್ದು, "ಅತ್ತೇ, ದೇವ್ರ ಊವಾ ಅದು!" ಎಂದು ಹಿಂದೆಯೇ ಬಂದ. ತಕ್ಕಡಿ ಇನ್ನೂರ ಎಪ್ಪತ್ತು ತೋರಿಸಿತು.

ಮೊದಲು ನಕ್ಕವಳು ರಾಮಕ್ಕ. ನಗು ಬಂದು ಬಕೆಟ್ಟಿನ ಮೇಲೆ ಕೂತುಬಿಟ್ಟಳು. "ನಾನು ದೂರಿದ್ದು ನಿನ್ನ, ಮೊಂಡು ಮಾಡ್ದೋಳು ನಾನೇ!"

"ತಂದವ್ರು ನೀವು, ಹಾಕಿದಾಂವ ನಾನು," ಎಂದ ಯಮನೂರ. ಅವನಿಗೂ ನಗು ತಡೆಯಲಾಗಲಿಲ್ಲ. "ಅರ್ಧಾ ದಿನ ನೀವು ಕೊಂಬಿ ಒಗೀರಿ, ಅರ್ಧಾ ದಿನ ನಾನು ಒಗೀತೀನಿ."

"ಅದೆಲ್ಲ ಆಗಕಿಲ್ಲ. ಮಾತು ಕೊಟ್ಟೋನು ನೀನು."

ನಗು ಮುಗಿದ ಮೇಲೆ ಕೆಲಸ ಉಳಿದಿತ್ತು. ಸುಟ್ಟ ಪದರ ಪೂರ್ತಿ ಹೋಗುವವರೆಗೆ ನಾಲ್ಕೂ ಬ್ಲೇಡನ್ನು ಸಮನಾಗಿ ಇನ್ನಷ್ಟು ಇಳಿಸಬೇಕಿತ್ತು. ಈ ಸಲ ಯಮನೂರ ಪೈಪಿನ ಮೂತಿಯನ್ನು ತಂತಿಯಿಂದ ಬಿಗಿದ. ಅವಸರ ಮಾಡಲಿಲ್ಲ; ಬಲತುದಿಗೆ ಬಂದಾಗ ಸುಂಯ್ ಏರುತ್ತದೆಯೇ ಎಂದು ಕಿವಿಗೊಟ್ಟ. ರಾಮಕ್ಕ ಬಾಯಿ ಮುಚ್ಚಿ ಕೂತಳು; ಒಮ್ಮೆ ಮಾತ್ರ, "ಆ ನಾಯಿ ಕತೆ ಇನ್ನೂ ಐತೆ, ಆಮ್ಯಾಕೆ ಯೋಳ್ತೀನಿ," ಎಂದಳು. ಸಂಜೆ ಐದಕ್ಕೆ ನಾಲ್ಕು ಹೊಸ ನಿಂಬೆಹಣ್ಣು ಹೋಳಾದವು. ಶಾಂಭವಿ ಲ್ಯಾಬಿನಿಂದ ಬೇಗ ಬಂದು ಮೊಬೈಲಿನಲ್ಲಿ ಹೊತ್ತು ಎಣಿಸುತ್ತ ನಿಂತಳು. ಅರ್ಧ ಗಂಟೆ ಯಾರೂ ಬ್ಲೇಡು ಮುಟ್ಟಲಿಲ್ಲ.

ಒರೆಸಿದಾಗ ಈ ತುದಿಯಿಂದ ಆ ತುದಿಯವರೆಗೆ ಒಂದೇ ಬೂದು. ಯಮನೂರ ನಾಲ್ಕನ್ನೂ ಸಾಲಾಗಿ ಇಟ್ಟು, ಅರ ಎಳೆದು ನೋಡಿ, ಕೊನೆಗೆ ತೂಗಿದ. ಸಂಸಾರ ಸಮವಾಗಿತ್ತು. ಎಣ್ಣೆ ಸವರಿ ಗೋಣಿತಾಟಿನಲ್ಲಿ ಸುತ್ತಿಕೊಟ್ಟ.

ಆದರೂ ಆ ವಾರ ಅವನಿಗೆ ನೆಮ್ಮದಿಯಿರಲಿಲ್ಲ. ಗುರುವಾರ, ಅಂದರೆ ಮೂರನೇ ದಿನ, ನಾಲ್ಕು ಸಲ ಫೋನ್ ತೆಗೆದು ನೋಡಿದ. ಫೋನ್ ಬರಲಿಲ್ಲ. ಬಾರದಿರುವುದು ಒಳ್ಳೆಯದೋ ಕೆಟ್ಟದೋ ತಿಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಏಳಕ್ಕೇ ತನ್ನ ಹಳೆಯ ಬೈಕಿನಲ್ಲಿ ಸರ್ಜಾಪುರಕ್ಕೆ ಹೋದ. ಚೆಂಡುಹೂವಿನ ಹೊಲದ ಪಕ್ಕದಲ್ಲಿ ತಗಡಿನ ನೆರಳು, ಅದರ ಕೆಳಗೆ ಚಿಪ್ಪರು, ಅದರ ಪಕ್ಕ ಮನೆಯೆತ್ತರ ಗುಲ್ಮೊಹರ್ ರಾಶಿ. ಏಳು ಹೆಂಗಸರೂ ಸಾಲಾಗಿ ನಿಂತು ಅವನನ್ನು ನೋಡಲೆಂದೇ ಕಾದಿದ್ದಂತಿತ್ತು.

"ಇವ್ರೇನಾ ಊವಿಗೆ ಬ್ಲೇಡ್ ಸುಟ್ಟೋರು?" ಎಂದಳು ಒಬ್ಬಳು.

"ಸುಟ್ಟೋರಲ್ಲ ಅಂಜನಮ್ಮ, ಕೂಲಿಗೆ ಬಂದವ್ರೆ," ಎನ್ನುತ್ತ ರಾಮಕ್ಕ ಅವನ ಕೈಗೆ ಗ್ಲೌಸು ತುರುಕಿದಳು. "ಬುಡ ಮುಂದೆ, ಎಲೆ ಇಂದೆ. ಮಷಿನ್ನು ಕೊಂಬೇನ ಎಳ್ಕಂಡ ತಕ್ಷಣ ಕೈ ಬಿಟ್ಬಿಡು. ಶರಟಿನ ತೋಳು ಮಡಿಚ್ಕ."

ಯಮನೂರ ಕೊಂಬೆ ಎಸೆದ. ಇಪ್ಪತ್ತಾರು ವರ್ಷದಲ್ಲಿ ತಾನು ಸಾಣೆ ಹಿಡಿದ ಬ್ಲೇಡು ಎಲ್ಲಿ ಹೋಗಿ ಏನು ಮಾಡುತ್ತದೆಂದು ಅವನು ಕಂಡಿರಲೇ ಇಲ್ಲ. ಯಂತ್ರ ಕೊಂಬೆಯನ್ನು ಎಳೆದುಕೊಳ್ಳುತ್ತಿತ್ತು, ಮೊರೆಯುತ್ತಿತ್ತು, ಎದುರಿನ ಮೂತಿಯಿಂದ ಚೂರು ಮಳೆಯಂತೆ ಸುರಿಯುತ್ತಿತ್ತು. ಹಸಿ ಮರದ ವಾಸನೆ ಮೂಗು ತುಂಬಿತು. ಅವನು ಪ್ರತಿ ಕೊಂಬೆಗೂ ಕಿವಿಗೊಟ್ಟ. ದನಿ ಒಂದೇ ಸಮನಾಗಿತ್ತು. ಹನ್ನೊಂದಕ್ಕೆ ಬೆನ್ನು ನೋಯತೊಡಗಿತು, ಮಧ್ಯಾಹ್ನ ರಾಗಿಮುದ್ದೆ ಬಸ್ಸಾರು ತಿಂದ ಮೇಲೆ ಬೆನ್ನು ಮರೆತುಹೋಯಿತು. ನಾಯಿಯ ಕತೆಯ ಉಳಿದರ್ಧವೂ ಆಗಲೇ ಮುಗಿಯಿತು: ನಾಯಿ ಲಿಫ್ಟಿನಿಂದ ಇಳಿಯಲಿಲ್ಲ, ಅದನ್ನು ಕರೆಯಲು ಹೋದ ಯಜಮಾನನೇ ಅದರ ಜೊತೆ ಲಿಫ್ಟಿನಲ್ಲಿ ಸಿಕ್ಕಿಬಿದ್ದ.

ನಾಲ್ಕು ಗಂಟೆಗೆ ಕೊನೆಯ ಕೊಂಬೆ ಒಳಗೆ ಹೋಯಿತು. ರಾಮಕ್ಕ ಯಂತ್ರ ನಿಲ್ಲಿಸಿ, ತಟ್ಟೆ ಪೂರ್ತಿ ನಿಲ್ಲುವವರೆಗೆ ಯಾರನ್ನೂ ಹತ್ತಿರ ಬಿಡದೆ ಕಾದು, ಆಮೇಲೆ ರಾಶಿಗೆ ಮೊಣಕೈವರೆಗೆ ಕೈ ಹಾಕಿ ಒಂದು ಬೊಗಸೆ ತೆಗೆದಳು. ಯಮನೂರನ ಅಂಗೈಗೆ ಸುರಿದಳು. ಬೆರಳಿನಿಂದ ಹರಡಿ ನೋಡಿದ. ಒಂದೇ ಗಾತ್ರದ ಚಪ್ಪಟೆ ಚೂರುಗಳು. ಒಂದೂ ನಾರಿಲ್ಲ.

"ಐದ್ನೇ ದಿವ್ಸ," ಎಂದಳು ರಾಮಕ್ಕ. "ಅವಲಕ್ಕಿ."

"ಮಾಕಳಿಯವ್ರು ಏನಂತಾರೋ," ಎಂದ ಯಮನೂರ. ಆದರೆ ಒಂದು ಹಿಡಿ ಚೂರನ್ನು ಮಗಳಿಗೆ ತೋರಿಸಲೆಂದು ಜೇಬಿಗೆ ಹಾಕಿಕೊಂಡ.

ಸೋಮವಾರ ಬೆಳಿಗ್ಗೆ ಯಮನೂರ ಕಸ ಗುಡಿಸಿ, ವಿಭೂತಿ ಬಳಿದು, ಊದುಬತ್ತಿ ಸುತ್ತಿಸಿದ. ಶೆಡ್ಡಿನ ಗೋಡೆಗೆ ಶಾಂಭವಿ ಒಂದು ಮೊಳೆ ಹೊಡೆದು, ಅದರ ಕೆಳಗೆ ಸೀಮೆಸುಣ್ಣದಲ್ಲಿ 'ಹೂವು ಇಲ್ಲಿ' ಎಂದು ಬಾಣದ ಗುರುತು ಹಾಕಿದ್ದಳು. ಅದರ ಪಕ್ಕ 'ನಿಂಬೆ – ಅರ್ಧ ಗಂಟೆ' ಎಂದಿತ್ತು. ಹತ್ತು ಗಂಟೆಯ ಹೊತ್ತಿಗೆ ಒಡಕು ಸೈಲೆನ್ಸರಿನ ದನಿ ಕೇಳಿಸಿತು. ಯಮನೂರ ಕೈಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬಂದ. ಬ್ಲೇಡು ಚೆನ್ನಾಗಿದ್ದರೆ ಅವಳು ಇಲ್ಲಿ ಇಳಿಯುವ ಕೆಲಸವೇ ಇರಲಿಲ್ಲ.

ರಾಮಕ್ಕ ಇಳಿದಳು. ಅವನು ಅವಳ ಕೈಗಳನ್ನು ನೋಡಿದ. ಒಂದು ಕೈ ಖಾಲಿ, ಇನ್ನೊಂದರಲ್ಲಿ ಚೆಂಡುಹೂವಿನ ಹಾರ.

"ಬ್ಲೇಡು?"

"ಮಷಿನ್ನಾಗೇ ಐತೆ. ಇನ್ನೂ ಒಂದು ವಾರ ಬಿಚ್ಚಲ್ಲ."

"ಮಾಕಳಿ?"

"ಬಾಯ್ಲರಿನಾತ ಮೂರು ಕಡೆ ಕೈ ಆಕಿ ನೋಡ್ದ. ಒಂದೆಳೆ ನಾರು ಸಿಗ್ಲಿಲ್ಲ. ಇನ್ಮ್ಯಾಕೆ ವಾರಕ್ಕೆ ಎಲ್ಡು ಲೋಡು ಕೇಳವ್ನೆ." ಹೇಳುತ್ತಾ ರಾಮಕ್ಕ ರೂಢಿಯಂತೆ ಹಾರವನ್ನು ನೀರಿನ ಪೈಪಿನ ಕಡೆ ಎತ್ತಿದಳು.

"ಅಲ್ಲಲ್ಲ!" ಎಂದು ಯಮನೂರ ಎರಡೂ ಕೈ ಅಡ್ಡ ಹಿಡಿದು ಗೋಡೆಯ ಮೊಳೆ ತೋರಿಸಿದ.

ರಾಮಕ್ಕ ನಾಲಿಗೆ ಕಚ್ಚಿಕೊಂಡಳು. ಆದರೆ ಮೊಳೆಯ ಕಡೆ ಹೋಗುವ ಮುಂಚೆ ಹಾರವನ್ನು ತಕ್ಕಡಿಯ ಮೇಲಿಟ್ಟು ಮುಳ್ಳು ನಿಲ್ಲುವವರೆಗೆ ಕಾದಳು.

"ನೋಡ್ಕಳಣ್ಣ, ಇನ್ನೂರ ಎಂಬತ್ತು. ಸಾಯಂಕಾಲ ತಿರ್ಗಾ ತೂಗು. ಒಂದು ಗ್ರಾಂ ಜಾಸ್ತಿ ಆಗಿದ್ರೂ ಈ ಸಲ ನನ್ ಊವಿನ ತಪ್ಪಲ್ಲ, ನಿನ್ ಶೆಡ್ಡು ಸೋರ್ತೈತೆ ಅಂತ."

ಯಮನೂರ ತಲೆಯೆತ್ತಿ ಮೊಳೆಯ ಮೇಲಿನ ತಗಡು ನೋಡಿದ. ಹೋದ ಮಳೆಗಾಲದಲ್ಲಿ ಅದೇ ಜಾಗದಲ್ಲಿ ಬಕೆಟ್ ಇಟ್ಟದ್ದು ನೆನಪಾಯಿತು. ಸುತ್ತಿಗೆ ತೆಗೆದುಕೊಂಡು, ಮೊಳೆಯನ್ನು ಕಿತ್ತು, ಒಂದು ಮೊಳ ಈಚೆಗೆ ಹೊಡೆದ.